ಪಿಪಿಗೆ ಎಸ್‌ಇಬಿಎಸ್ ಬೆರೆಸಿದರೂ ಮಾಲು ಒಡೆಯುತ್ತಿದ್ದರೆ ಎಲ್ಲಿಂದ ಹುಡುಕಬೇಕು

ಹೋದ ಚಳಿಗಾಲದಲ್ಲಿ ಪೀಣ್ಯದ ಒಂದು ಮೋಲ್ಡಿಂಗ್ ಯೂನಿಟ್‌ನಿಂದ ಫೋನ್ ಬಂತು. "ಸಾರ್, ರಬ್ಬರ್ 15 ಪರ್ಸೆಂಟ್ ಹಾಕಿದ್ದೀವಿ, ಆದ್ರೂ ಮುಚ್ಚಳ ಪಟ್ ಅಂತ ಒಡೀತಿದೆ. 20ಕ್ಕೆ ಏರಿಸೋಣ್ವಾ?" ಪಿಪಿ ಪ್ಲಾಸ್ಟಿಕ್‌ಗೆ ಎಸ್‌ಇಬಿಎಸ್ ಅನ್ನುವ ರಬ್ಬರ್ ಬೆರೆಸಿ ಮಾಡಿದ, ಡೀಪ್ ಫ್ರೀಜರ್‌ನಲ್ಲಿ ಇಡುವ ಡಬ್ಬಿಯ ಮುಚ್ಚಳ ಅದು. ಮೈನಸ್ 18 ಡಿಗ್ರಿಯಲ್ಲಿ ಕೈಜಾರಿ ಬಿದ್ದರೂ ಒಡೆಯಬಾರದು ಅನ್ನೋದು ಗಿರಾಕಿಯ ಷರತ್ತು. ಆರು ತಿಂಗಳಿಂದ ಚೆನ್ನಾಗಿಯೇ ಓಡುತ್ತಿದ್ದ ಮಾಲು, ಫಾರ್ಮುಲಾ ಬದಲಾಗಿಲ್ಲ, ಮೋಲ್ಡ್ ಬದಲಾಗಿಲ್ಲ ಅನ್ನೋದು ಅವರ ಮಾತು.

ಏರಿಸಬೇಡಿ, ಮುರಿದ ಮುಚ್ಚಳ ನಾಲ್ಕು ತೆಗೆದಿಡಿ ಅಂದೆ. ಈ ಬ್ಲೆಂಡ್‌ನಲ್ಲಿ ನಾನು ನೋಡಿರುವ ತೊಂದರೆಗಳಲ್ಲಿ ಹೆಚ್ಚಿನವು ರಬ್ಬರ್ ಕಡಿಮೆಯಾಗಿ ಬಂದವಲ್ಲ, ಹಾಕಿದ ರಬ್ಬರ್ ಸರಿಯಾಗಿ ಹರಡದೆ ಬಂದವು. ಹರಡದ ರಬ್ಬರ್‌ಗೆ ಇನ್ನೂ ಐದು ಪರ್ಸೆಂಟ್ ಸೇರಿಸಿದರೆ ಗಂಟು ದೊಡ್ಡದಾಗುತ್ತದೆ, ಬಿಗಿತ ಕಡಿಮೆಯಾಗುತ್ತದೆ, ಖರ್ಚು ಏರುತ್ತದೆ, ಒಡೆಯೋದು ಮಾತ್ರ ನಿಲ್ಲೋದಿಲ್ಲ.

ಎರಡೂ ಪದಾರ್ಥಗಳ ಸ್ವಭಾವ

ಇದು ಗೊತ್ತಿದ್ದವರು ಮುಂದಿನ ಭಾಗಕ್ಕೆ ಹೋಗಬಹುದು. ಆದರೆ ಮೆಷಿನ್ ಮುಂದೆ ನಿಲ್ಲುವ ಹುಡುಗರಿಗೆ ನಾನು ಇದನ್ನು ಹೇಳದೆ ಬಿಡುವುದಿಲ್ಲ.

ಪಿಪಿ, ಅಂದರೆ ಪಾಲಿಪ್ರೊಪಿಲೀನ್, ಅರೆ ಹರಳಿನ ಪ್ಲಾಸ್ಟಿಕ್. ಅದರ ಸರಪಳಿಗಳಲ್ಲಿ ಒಂದಿಷ್ಟು ಭಾಗ ಒಪ್ಪವಾಗಿ ಮಡಚಿ ಹರಳಾಗಿ ಕೂರುತ್ತದೆ, ಉಳಿದದ್ದು ಹೇಗೋ ಬಿದ್ದಿರುತ್ತದೆ. ಹರಳಿನ ಭಾಗ ಬಿಗಿತ ಕೊಡುತ್ತದೆ, ಹೋಮೋಪಾಲಿಮರ್ ಆದರೆ ಅದು ಕರಗೋದು ಸುಮಾರು 160ರಿಂದ 165 ಡಿಗ್ರಿಗೆ. ಸಡಿಲವಾಗಿ ಬಿದ್ದಿರುವ ಭಾಗ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಸೆಟೆದುಕೊಳ್ಳುತ್ತದೆ. ಬೆಂಗಳೂರಿನ ಬಿಸಿಲಲ್ಲಿ ಬಗ್ಗುವ ಮುಚ್ಚಳ ಫ್ರೀಜರ್‌ನಲ್ಲಿ ಗಾಜಿನ ಥರ ಒಡೆಯೋದು ಇದಕ್ಕೇ.

ಎಸ್‌ಇಬಿಎಸ್‌ನದು ಬೇರೆ ಕಥೆ. ಒಂದೇ ಸರಪಳಿಯಲ್ಲಿ ಮೂರು ತುಂಡು. ಎರಡು ತುದಿಗೂ ಗಟ್ಟಿ ಪಾಲಿಸ್ಟೈರೀನ್, ನಡುವೆ ಎಥಿಲೀನ್ ಬ್ಯುಟಿಲೀನ್ ಅನ್ನುವ ಮೆತ್ತನೆಯ ರಬ್ಬರ್. ಈ ನಡುವಿನ ಭಾಗ ಮೈನಸ್ 50 ಡಿಗ್ರಿಯ ಹತ್ತಿರದವರೆಗೂ ಮೆತ್ತಗೇ ಇರುತ್ತದೆ. ತುದಿಗಳು ಒಟ್ಟಿಗೆ ಸೇರಿ ಸಣ್ಣ ಸಣ್ಣ ಗಂಟು ಕಟ್ಟಿಕೊಳ್ಳುತ್ತವೆ, ಟೈರಿನ ರಬ್ಬರ್‌ನಲ್ಲಿ ಗಂಧಕ ಮಾಡುವ ಕೆಲಸವನ್ನು ಇಲ್ಲಿ ಆ ಗಂಟುಗಳೇ ಮಾಡುತ್ತವೆ. ನಡುವಿನ ತುಂಡು ಗುಣದಲ್ಲಿ ಪಿಪಿಗೆ ದಾಯಾದಿ ಇದ್ದ ಹಾಗೆ, ಪೂರ್ತಿ ಒಂದಾಗದಿದ್ದರೂ ಜಗಳವಾಡದೆ ಅಂಟಿಕೊಂಡಿರುತ್ತದೆ. ಹಾಗಾಗಿ ಈ ಜೋಡಿಗೆ ಮಧ್ಯಸ್ಥಿಕೆಗೆ ಇನ್ನೊಂದು ಕೆಮಿಕಲ್ ಬೇಕಿಲ್ಲ.

ಈ ಸ್ಟೈರೀನ್ ಗಂಟುಗಳು 100 ಡಿಗ್ರಿಯ ಸುಮಾರಿಗೆ ಮೆತ್ತಗಾಗುತ್ತವೆ ಅಂತ ಓದಿದವರು, 220ರಲ್ಲಿ ಎಸ್‌ಇಬಿಎಸ್ ನೀರಿನ ಹಾಗೆ ಹರಿಯುತ್ತದೆ ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ಸರಪಳಿ ಉದ್ದವಿರುವ ಗ್ರೇಡ್‌ಗಳಲ್ಲಿ ಆ ಬಿಸಿಯಲ್ಲೂ ಸ್ಟೈರೀನ್ ತುದಿಗಳು ಬೇರೆಯಾಗಿಯೇ ಗುಂಪುಗೂಡಿರುತ್ತವೆ, ಮಾಲು ಮೆತ್ತಗಾಗುತ್ತದೆ ಆದರೆ ಹರಿಯುವುದಿಲ್ಲ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ತೊಂದರೆಗಳ ಬೇರು ಇಲ್ಲೇ ಇದೆ.

ಮುರಿದ ಮುಖ ನೋಡಿ

ಮುಚ್ಚಳ ಕೈಗೆ ತಗೊಂಡು ಒಳ್ಳೆ ಬೆಳಕಿನಲ್ಲಿ ಹತ್ತು ಪಟ್ಟಿನ ಲೆನ್ಸ್ ಇಟ್ಟು ನೋಡಿ. ನಾನು ಹುಡುಕುವುದು ಮೊದಲು ಬಿಳಿ ಬಣ್ಣ. ರಬ್ಬರ್ ಕೆಲಸ ಮಾಡಿದ್ದರೆ ಮುರಿದ ಅಂಚಿನ ಸುತ್ತ ಬೆಳ್ಳಗಾಗಿರುತ್ತದೆ. ಏಟು ಬಿದ್ದಾಗ ರಬ್ಬರ್ ಹನಿಗಳ ಒಳಗೆ ಸಣ್ಣ ಪೊಳ್ಳುಗಳು ತೆರೆದುಕೊಂಡು, ಸುತ್ತಲಿನ ಪಿಪಿ ಎಳೆದುಕೊಂಡು, ಏಟಿನ ಶಕ್ತಿಯನ್ನು ತಿಂದುಹಾಕಿದ ಗುರುತು ಅದು. ಬಿಳುಪೇ ಇಲ್ಲದೆ ಅಂಚು ಕನ್ನಡಿಯಂತೆ ನುಣ್ಣಗಿದ್ದರೆ ಬಿರುಕು ಯಾವ ಅಡ್ಡಿಯೂ ಇಲ್ಲದೆ ಓಡಿಹೋಗಿದೆ ಎಂದರ್ಥ.

ಎರಡನೆಯದು ಪದರ. ಗೇಟ್ ಹತ್ತಿರ, ಅಂದರೆ ಕರಗಿದ ಮಾಲು ಮೋಲ್ಡ್ ಒಳಗೆ ನುಗ್ಗುವ ಕಿರಿದಾದ ಬಾಯಿಯ ಹತ್ತಿರ, ಉಗುರು ಹಾಕಿ ಕೆರೆದು ನೋಡಿ. ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗೆ ಏಳುತ್ತದೆಯಾ? ಹಾಗಿದ್ದರೆ ಬೇರೆ ಯಾವುದೋ ಪ್ಲಾಸ್ಟಿಕ್ ಸೇರಿಕೊಂಡಿದೆ, ಇಲ್ಲವೇ ರಬ್ಬರ್ ಹನಿಗಳು ಗೇಟ್‌ನ ಎಳೆತಕ್ಕೆ ಉದ್ದುದ್ದ ಎಳೆಯಾಗಿ ಚಪ್ಪಟೆಯಾಗಿವೆ.

ಮೂರನೆಯದು ಕಾಳು. ತೆಳ್ಳಗಿನ ಜಾಗವನ್ನು ಕಿಟಕಿಗೆ ಹಿಡಿದರೆ ರವೆಯ ಹಾಗೆ ಚುಕ್ಕಿ ಕಾಣಿಸುತ್ತದೆಯಾ? ಕರಗದೆ ಉಳಿದ ರಬ್ಬರ್ ಅದು. ಕಂದು ಬಣ್ಣದ ಚುಕ್ಕಿಯಾದರೆ ಸುಟ್ಟ ಮಾಲು, ಅದು ಬ್ಯಾರಲ್‌ನ, ಅಂದರೆ ಸ್ಕ್ರೂ ತಿರುಗುವ ಬಿಸಿ ಕೊಳವೆಯ, ಮೂಲೆಯಲ್ಲಿ ಕೂತು ಕೂತು ಬಂದದ್ದು.

ನಮ್ಮ ಮುಚ್ಚಳದಲ್ಲಿ ಬಿಳುಪು ಇರಲಿಲ್ಲ. ಪದರವೂ ಏಳಲಿಲ್ಲ. ಆದರೆ ಕಿಟಕಿಗೆ ಹಿಡಿದಾಗ ರವೆ ರವೆ ಕಾಣಿಸಿತು.

ಲ್ಯಾಬ್ ಇಲ್ಲದೆ ಮಾಡಬಹುದಾದ ಒಂದು ಪರೀಕ್ಷೆ

ಟಾಲ್ವೀನ್ ಅನ್ನುವ ದ್ರಾವಕದಲ್ಲಿ, ಅದು ತಣ್ಣಗಿದ್ದರೂ, ಎಸ್‌ಇಬಿಎಸ್ ಕರಗುತ್ತದೆ, ಪಿಪಿ ಕರಗುವುದಿಲ್ಲ. ಮುಚ್ಚಳದಿಂದ ಹೊಸ ಬ್ಲೇಡಿನಲ್ಲಿ ಒಂದು ತೆಳ್ಳನೆ ಚೂರು ಕತ್ತರಿಸಿ, ಮುಚ್ಚಳವಿರುವ ಗಾಜಿನ ಸೀಸೆಯಲ್ಲಿ ಟಾಲ್ವೀನ್ ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ತೆಗೆದು ಒಣಗಿಸಿ ಲೆನ್ಸ್‌ನಲ್ಲಿ ನೋಡಿ. ರಬ್ಬರ್ ಇದ್ದ ಜಾಗವೆಲ್ಲ ಗುಳಿ ಬಿದ್ದಿರುತ್ತದೆ. ಒಂದು ಮಾತು ಇಲ್ಲಿ ನೆನಪಿಡಿ: ಸಾಮಾನ್ಯ ಲೆನ್ಸ್‌ಗೆ ಗುಳಿ ಕಂಡರೆ ಅದು ಕೆಟ್ಟ ಸುದ್ದಿ. ಸರಿಯಾಗಿ ಹರಡಿದ ಹನಿ ಒಂದು ಮೈಕ್ರಾನ್‌ಗಿಂತ ಸಣ್ಣದು, ಅದು ನಿಮ್ಮ ಲೆನ್ಸ್‌ಗೆ ಕಾಣಲೇಬಾರದು. ಟಾಲ್ವೀನ್ ಬೇಗ ಬೆಂಕಿ ಹತ್ತುವ ದ್ರವ, ಅದರ ಆವಿ ತಲೆ ಸುತ್ತಿಸುತ್ತದೆ. ಕೈಗವಸು ಹಾಕಿ, ಗಾಳಿಯಾಡುವ ಕಡೆ ಇಡಿ, ಹೀಟರ್ ಹತ್ತಿರ ಬೇಡವೇ ಬೇಡ.

ದುಡ್ಡು ಖರ್ಚು ಮಾಡಲು ತಯಾರಿದ್ದರೆ ಲ್ಯಾಬ್‌ನಲ್ಲಿ ಚೂರನ್ನು ದ್ರವ ಸಾರಜನಕದಲ್ಲಿ ಅದ್ದಿ ಮುರಿದು, ಹೀಗೇ ರಬ್ಬರ್ ತೆಗೆದು, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಹನಿಯ ಅಳತೆ ಹೇಳುತ್ತಾರೆ. ಹನಿಯ ಅಳತೆಗೆ ಯಾಕೆ ಇಷ್ಟು ಮಹತ್ವ ಅಂದರೆ, ಅಷ್ಟೇ ತೂಕದ ರಬ್ಬರ್‌ನಲ್ಲಿ ಹನಿಯ ಅಡ್ಡಳತೆ ಅರ್ಧ ಮಾಡಿದರೆ ಹನಿಗಳ ಸಂಖ್ಯೆ ಎಂಟು ಪಟ್ಟಾಗುತ್ತದೆ. ಬಿರುಕಿಗೆ ಎಂಟು ಪಟ್ಟು ಅಡ್ಡಿ, ಒಂದು ರೂಪಾಯಿ ಹೆಚ್ಚಿನ ರಬ್ಬರ್ ಇಲ್ಲದೆ.

ಮುದ್ದೆಯಲ್ಲಿ ಗಂಟು ಕಟ್ಟಿದ ಹಾಗೆ

ರಾಗಿ ಮುದ್ದೆ ತಿರುವಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ನೀರು ಜಾಸ್ತಿಯಾಗಿ ಅಂಬಲಿಯಂತೆ ತೆಳ್ಳಗಿದ್ದರೆ, ಹಿಟ್ಟಿನ ಗಂಟು ಕೋಲಿನ ಏಟಿಗೆ ಸಿಗದೆ ಅತ್ತಿತ್ತ ತೇಲಿ ತಪ್ಪಿಸಿಕೊಳ್ಳುತ್ತದೆ. ಸುತ್ತಲಿನದು ಗಟ್ಟಿಯಾಗಿ ಹಿಡಿದುಕೊಂಡಾಗ ಮಾತ್ರ ಕೋಲು ಗಂಟನ್ನು ಒಡೆಯುತ್ತದೆ. ಬ್ಯಾರಲ್ ಒಳಗೂ ಅದೇ. ಕರಗಿದ ಪಿಪಿ ತೀರ ತೆಳ್ಳಗಿದ್ದು ರಬ್ಬರ್ ತೀರ ಗಟ್ಟಿಯಿದ್ದರೆ ಸ್ಕ್ರೂ ಎಷ್ಟು ತಿರುಗಿದರೂ ಆ ಬಲ ರಬ್ಬರ್‌ಗೆ ತಲುಪುವುದಿಲ್ಲ. ಹನಿ ಒಡೆಯುವ ಲೆಕ್ಕವನ್ನು 1930ರ ದಶಕದಲ್ಲೇ ಬ್ರಿಟಿಷ್ ವಿಜ್ಞಾನಿ ಜಿ. ಐ. ಟೇಲರ್ ಹಾಕಿಕೊಟ್ಟರು. ಎರಡರ ಗಟ್ಟಿತನ ಹತ್ತಿರ ಹತ್ತಿರವಿದ್ದರೆ ಹನಿ ಚೆನ್ನಾಗಿ ಒಡೆಯುತ್ತದೆ, ಹನಿಯದು ಸುತ್ತಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ದಾಟಿದರೆ ಬರೀ ಉಜ್ಜಾಟಕ್ಕೆ ಒಡೆಯುವುದೇ ಇಲ್ಲ, ಎಳೆದರೆ ಮಾತ್ರ ಒಡೆಯುತ್ತದೆ.

ಹಾಗಾಗಿ ಎರಡನೇ ಹೆಜ್ಜೆ ಎಂಎಫ್‌ಐ ಹೋಲಿಕೆ. ಕರಗಿದ ಮಾಲು ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವ ಅಳತೆ ಅದು, ಸಂಖ್ಯೆ ಹೆಚ್ಚಿದಷ್ಟೂ ಮಾಲು ತೆಳ್ಳಗೆ. ಪಿಪಿ ಕಂಪನಿ ಕೊಟ್ಟ ವಿವರದ ಚೀಟಿ ತೆಗೆಯಿರಿ, ಎಸ್‌ಇಬಿಎಸ್‌ನದೂ ತೆಗೆಯಿರಿ. ಸಂಖ್ಯೆ ನೋಡುವ ಮುಂಚೆ ಅದರ ಪಕ್ಕದ ಸಣ್ಣ ಅಕ್ಷರ ಓದಿ. ಪಿಪಿಗೆ 230 ಡಿಗ್ರಿ, 2.16 ಕೆಜಿ ಭಾರ. ಎಸ್‌ಇಬಿಎಸ್‌ಗೆ ಬಹಳ ಸಲ 230 ಡಿಗ್ರಿ, 5 ಕೆಜಿ ಭಾರ. ಭಾರ ಎರಡು ಪಟ್ಟಿಗಿಂತ ಜಾಸ್ತಿ, ಎರಡನ್ನೂ ನೇರವಾಗಿ ಹೋಲಿಸಿದರೆ ರಬ್ಬರ್ ಇರುವುದಕ್ಕಿಂತ ಸಲೀಸಾಗಿ ಹರಿಯುವ ಹಾಗೆ ಕಾಣುತ್ತದೆ. ಈ ತಪ್ಪನ್ನು ಒಳ್ಳೊಳ್ಳೆ ಎಂಜಿನಿಯರ್‌ಗಳೂ ಮಾಡುತ್ತಾರೆ. ಇನ್ನು ಗ್ರೇಡ್‌ಗಳ ನಡುವೆ ಅಂತರ ಎಷ್ಟು ಅಂದರೆ, ಕ್ರೇಟನ್ ಕಂಪನಿಯ ಜಿ1657 ಅದೇ 5 ಕೆಜಿಯಲ್ಲಿ 22ರ ಸುಮಾರು ಹರಿಯುತ್ತದೆ, ಅದೇ ಮನೆಯ ಜಿ1651 ಅಳೆಯಲು ಸಿಗುವಷ್ಟೂ ಹರಿಯುವುದಿಲ್ಲ. ಎರಡರ ಮೇಲೂ ಎಸ್‌ಇಬಿಎಸ್ ಅಂತಲೇ ಬರೆದಿರುತ್ತದೆ. ಬರೀ ಎಸ್‌ಇಬಿಎಸ್ ಅಂತ ಆರ್ಡರ್ ಹಾಕಿದರೆ ಯಾವುದು ಬರುತ್ತದೋ ಗೊತ್ತಿಲ್ಲ ಅಂತಾಯಿತು ಅಲ್ವಾ.

ಪೀಣ್ಯದ ಯೂನಿಟ್‌ನಲ್ಲಿ ಗೋಡೌನ್‌ಗೆ ಹೋಗಿ ಚೀಲ ನೋಡಿದಾಗ ವಿಷಯ ಹೊರಬಂತು. ಮುಂಚೆ ಬರುತ್ತಿದ್ದ ಪಿಪಿ 12 ಎಂಎಫ್‌ಐ. ಅದು ಸಿಗದ ವಾರ ಪರ್ಚೇಸ್‌ನವರು 35ರದ್ದು ತರಿಸಿದ್ದರು. ಹೋಮೋಪಾಲಿಮರ್ ಅದೇ, ಬಣ್ಣ ಅದೇ, ಸೈಕಲ್ ಟೈಮ್, ಅಂದರೆ ಒಂದು ಸುತ್ತು ಮೋಲ್ಡ್ ಮಾಡಲು ಹಿಡಿಯುವ ಹೊತ್ತು, ಕೂಡ ಎರಡು ಸೆಕೆಂಡ್ ಕಡಿಮೆಯಾಗಿ ಎಲ್ಲರೂ ಖುಷಿಯಾಗಿದ್ದರು. ರಬ್ಬರ್ ಮಾತ್ರ ಹರಿಯದ ಉದ್ದ ಸರಪಳಿಯ ಗ್ರೇಡ್. 12ರಲ್ಲಿ ಹೇಗೋ ಅಂಚಿನಲ್ಲಿ ನಡೆಯುತ್ತಿದ್ದ ಮಿಕ್ಸಿಂಗ್ 35ಕ್ಕೆ ಹೋದ ಕೂಡಲೇ ಕೆಟ್ಟಿತ್ತು.

ಇಂಥಾ ಹೊತ್ತಲ್ಲಿ ಆಪರೇಟರ್ ಸಹಜವಾಗಿ ಮಾಡುವುದು ಟೆಂಪರೇಚರ್ ಏರಿಸೋದು. ರಬ್ಬರ್ ಗಂಟು ಕರಗಲಿ ಅಂತ. ನಾನು ಇದಕ್ಕೆ ವಿರುದ್ಧ. ಬಿಸಿ ಏರಿದರೆ ಪಿಪಿ ಇನ್ನೂ ತೆಳ್ಳಗಾಗುತ್ತದೆ, ಕೋಲಿಗೆ ಗಂಟು ಇನ್ನೂ ಸಿಗದು. ಮಿಕ್ಸಿಂಗ್ ಜಾಗದ ಜೋನ್‌ಗಳನ್ನು ನಾನು 15ರಿಂದ 20 ಡಿಗ್ರಿ ಇಳಿಸಿ ನೋಡುತ್ತೇನೆ, ಮೋಟಾರಿನ ಆಂಪ್ಸ್ ಏರುತ್ತದೆಯಾ ಅಂತ ಕಣ್ಣಿಡುತ್ತೇನೆ. ಏರಿದರೆ ಒಳಗೆ ಕೆಲಸ ನಡೆಯುತ್ತಿದೆ. ಸಿಂಗಲ್ ಸ್ಕ್ರೂನಲ್ಲಿ ಬೆರೆಸುತ್ತಿದ್ದರೆ, ಅದರಲ್ಲೂ ನೇರವಾಗಿ ಮೋಲ್ಡಿಂಗ್ ಮೆಷಿನ್ ಹಾಪರ್‌ಗೇ, ಅಂದರೆ ಮಾಲು ಸುರಿಯುವ ಮೇಲಿನ ಬುಟ್ಟಿಗೇ, ಎರಡನ್ನೂ ಸುರಿದು ಬೆರೆಸುತ್ತಿದ್ದರೆ, ಇದರಿಂದ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಹರಿಯದ ಗ್ರೇಡ್‌ಗೆ ನೀಡಿಂಗ್ ಬ್ಲಾಕ್, ಅಂದರೆ ಮಾಲನ್ನು ನಾದುವ ತುಂಡುಗಳು, ಇರುವ ಜೋಡಿ ಸ್ಕ್ರೂ ಮೆಷಿನ್ (ಟ್ವಿನ್ ಸ್ಕ್ರೂ) ಬೇಕು.

ಹಾಪರ್‌ನಲ್ಲೇ ಬೇರೆಯಾಗುವ ಮಾಲು

ಗಂಟು ಇಲ್ಲ, ಆದರೆ ಒಂದು ಮುಚ್ಚಳ ಗಟ್ಟಿ, ಇನ್ನೊಂದು ಮೆತ್ತಗೆ ಬರುತ್ತಿದ್ದರೆ ಮೇಲೆ ನೋಡಿ, ಹಾಪರ್ ಕಡೆ. ಎಸ್‌ಇಬಿಎಸ್ ಬಹಳ ಸಲ ಪುಡಿಯಾಗಿ ಅಥವಾ ಪೇಪರ್ ಅವಲಕ್ಕಿಯಂಥ ಹಗುರ ಚೂರಾಗಿ ಬರುತ್ತದೆ. ಪಿಪಿ ದುಂಡು ಗ್ರಾನ್ಯೂಲ್. ಡ್ರಮ್‌ನಲ್ಲಿ ಎಷ್ಟೇ ಚೆನ್ನಾಗಿ ಕಲಸಿ, ಹಾಪರ್‌ನ ನಡುಕಕ್ಕೆ ಪುಡಿ ಕೆಳಗಿಳಿಯುತ್ತದೆ ಅಥವಾ ಚೂರು ಗೋಡೆಗೆ ಅಂಟಿ ನಿಲ್ಲುತ್ತದೆ. ಲಾಟ್ ಶುರುವಿನದು, ಮಧ್ಯದ್ದು, ಕೊನೆಯದು ಅಂತ ಮೂರು ಹಿಡಿ ಮಾಲು ತೆಗೆದು ಪ್ರತ್ಯೇಕ ಪಟ್ಟಿ ಮೋಲ್ಡ್ ಮಾಡಿ ಬಗ್ಗಿಸಿ ನೋಡಿ, ಸಾಕು. ಮೂರೂ ಬೇರೆ ಬೇರೆ ಬಂದರೆ ಉತ್ತರ ಸಿಕ್ಕಿತು. ಎರಡಕ್ಕೂ ಪ್ರತ್ಯೇಕ ಫೀಡರ್ ಹಾಕೋದೇ ಸರಿಯಾದ ದಾರಿ. ಅದಕ್ಕೆ ಹಣ ಇಲ್ಲದಿದ್ದರೆ ಹಾಪರ್ ತುಂಬಾ ತುಂಬಬೇಡಿ, ಸ್ವಲ್ಪ ಸ್ವಲ್ಪವಾಗಿ ಹಾಕುತ್ತಿರಿ.

ಪುಡಿಗೆ ಬಿಳಿ ಎಣ್ಣೆ ಕುಡಿಸಿ ಹಾಕುವವರೂ ಇದ್ದಾರೆ, ಮೆತ್ತಗಿನ ಮಾಲಿಗೆ ಅದು ಒಳ್ಳೆಯ ಉಪಾಯ, ರಬ್ಬರ್ ಸುಲಭವಾಗಿ ಹರಿಯುತ್ತದೆ. ಎಣ್ಣೆ ಪ್ಯಾರಾಫಿನಿಕ್ ಆಗಿರಬೇಕು. ಆರೊಮ್ಯಾಟಿಕ್ ಎಣ್ಣೆ ಸ್ಟೈರೀನ್ ಗಂಟುಗಳಿಗೇ ನುಗ್ಗಿ ಸಡಿಲ ಮಾಡುತ್ತದೆ. ನಮ್ಮ ಮುಚ್ಚಳದಂಥ ಬಿಗಿ ಮಾಲಿಗೆ ನಾನು ಎಣ್ಣೆ ಹಾಕುವುದಿಲ್ಲ, ಊಟದ ಡಬ್ಬಿಯ ಮೇಲೆ ಎಣ್ಣೆ ಜಿನುಗಿದರೆ ಯಾರು ತಗೋತಾರೆ.

ಪದರ ಏಳುತ್ತಿದ್ದರೆ

ಮೊದಲ ಸಂಶಯ ರೀಗ್ರೈಂಡ್, ಅಂದರೆ ಹಳೆ ಪ್ಲಾಸ್ಟಿಕ್ ಪುಡಿ ಮಾಡಿದ ಮಾಲಿನ, ಮೇಲೆ ಇರಲಿ. ಪಿಪಿ ಅಂತ ಬಂದ ಚೀಲದಲ್ಲಿ ಒಂದು ಹಿಡಿ ನೈಲಾನ್ ಅಥವಾ ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ ಇದ್ದರೂ ಸಿಪ್ಪೆ ಏಳುತ್ತದೆ, ಎಸ್‌ಇಬಿಎಸ್ ಅದನ್ನು ಹಿಡಿದುಕೊಳ್ಳುವುದಿಲ್ಲ. ಮಾಲನ್ನು ನಿಧಾನವಾಗಿ ಬಿಸಿ ಮಾಡುತ್ತಾ ಎಷ್ಟು ಡಿಗ್ರಿಗೆ ಕರಗುತ್ತದೆ ಅಂತ ತೋರಿಸುವ ಡಿಎಸ್‌ಸಿ ಪರೀಕ್ಷೆಗೆ ಕಳಿಸಿ. ಮೈಸೂರಿನ ಸಿಪೆಟ್ ಅನ್ನುವ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆಯಂಥ ಕಡೆ ಕೆಲವೇ ಮಿಲಿಗ್ರಾಂ ಮಾಲು ಸಾಕು. ಗ್ರಾಫ್‌ನಲ್ಲಿ 163ರ ಸುಮಾರಿಗೆ ಒಂದು ಗುಂಡಿ ಬಿದ್ದರೆ ಅದು ಪಿಪಿ. 130ರ ಹತ್ತಿರ ಇನ್ನೊಂದಿದ್ದರೆ ಎಚ್‌ಡಿಪಿಇ, 110ರ ಸುಮಾರಿಗಿದ್ದರೆ ಎಲ್‌ಡಿಪಿಇ, 220 ಆದರೆ ನೈಲಾನ್ 6, 250 ಆದರೆ ಪೆಟ್. ಒಂದು ಎಚ್ಚರ: ನಿಮ್ಮ ಪಿಪಿ ಇಂಪ್ಯಾಕ್ಟ್ ಕೋಪಾಲಿಮರ್ ಆಗಿದ್ದರೆ ಅದರೊಳಗೇ ಸ್ವಲ್ಪ ಎಥಿಲೀನ್ ಭಾಗ ಇರುತ್ತದೆ, 120ರ ಹತ್ತಿರ ಚಿಕ್ಕ ಗುಂಡಿ ಸಹಜವಾಗಿಯೇ ಬರಬಹುದು. ಅದನ್ನು ಕಲಬೆರಕೆ ಅಂದುಕೊಂಡು ಸಪ್ಲೈಯರ್ ಜೊತೆ ಜಗಳಕ್ಕೆ ಹೋಗಬೇಡಿ. ಹಳೆಯ ಒಳ್ಳೆ ಲಾಟ್‌ನ ಗ್ರಾಫ್ ಪಕ್ಕದಲ್ಲಿಟ್ಟು ನೋಡಿ.

ಡಿಎಸ್‌ಸಿ ಚೊಕ್ಕವಾಗಿ ಬಂದರೂ ಗೇಟ್ ಹತ್ತಿರ ಮಾತ್ರ ಸಿಪ್ಪೆ ಏಳುತ್ತಿದ್ದರೆ ಮೋಲ್ಡಿಂಗ್ ನೋಡಿ. ಇಂಜೆಕ್ಷನ್ ವೇಗ ಕಡಿಮೆ ಮಾಡಿ, ಮೋಲ್ಡ್ ಸ್ವಲ್ಪ ಬೆಚ್ಚಗಿಡಿ, ಗೇಟ್ ತೀರ ಕಿರಿದಾಗಿದ್ದರೆ ಹಿಗ್ಗಿಸಿ. ಸಿಲಿಕೋನ್ ಸ್ಪ್ರೇ ಹೊಡೆಯುವ ಅಭ್ಯಾಸ ಇದ್ದರೆ ಒಂದು ಶಿಫ್ಟ್ ನಿಲ್ಲಿಸಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗಿದೆ.

ಹಳದಿ ಬಣ್ಣ, ವಾಸನೆ

ಎಸ್‌ಇಬಿಎಸ್ ಅಂತ ಕೊಟ್ಟಿದ್ದು ಎಸ್‌ಬಿಎಸ್ ಆಗಿರಬಹುದು. ಎಸ್‌ಬಿಎಸ್‌ಗೆ ಹೈಡ್ರೋಜನ್ ಸೇರಿಸಿ ಅದರ ಜೋಡಿ ಬಂಧಗಳನ್ನು ಮುಚ್ಚಿದರೆ ಎಸ್‌ಇಬಿಎಸ್ ಆಗುತ್ತದೆ. ಮುಚ್ಚದೆ ಬಿಟ್ಟ ಬಂಧ ಬಿಸಿಗೂ ಬಿಸಿಲಿಗೂ ಬೇಗ ಕೆಡುತ್ತದೆ, ಹಳದಿಯಾಗುತ್ತದೆ, ಗಂಟು ಕಟ್ಟುತ್ತದೆ. ಇನ್‌ಫ್ರಾರೆಡ್ ಪರೀಕ್ಷೆಯಲ್ಲಿ 966 ಮತ್ತು 910ರಲ್ಲಿ ಗೆರೆ ಕಂಡರೆ ಎಸ್‌ಬಿಎಸ್. ಆದರೆ ಪರೀಕ್ಷೆಗೆ ಕೊಡುವುದು ಕಚ್ಚಾ ರಬ್ಬರ್ ಆಗಿರಲಿ, ಬೆರೆಸಿದ ಮಾಲಲ್ಲ. ಪಿಪಿಗೆ 973ರಲ್ಲಿ ತನ್ನದೇ ದೊಡ್ಡ ಗೆರೆ ಇದೆ, 966 ಅದರ ನೆರಳಲ್ಲಿ ಅಡಗಿಹೋಗುತ್ತದೆ.

ರಬ್ಬರ್ ಸರಿಯಿದ್ದೂ ಮಾಲು ಪೆಡಸಾಗುತ್ತಿದ್ದರೆ ಪಿಪಿಯೇ ಬೆಂದು ಸರಪಳಿ ತುಂಡಾಗಿರಬಹುದು. ಪಿಪಿ ಮೊದಲು ಎಷ್ಟು ಹರಿಯುತ್ತಿತ್ತು, ಅದನ್ನೊಂದನ್ನೇ ಅದೇ ಬಿಸಿಯಲ್ಲಿ ಮೆಷಿನ್‌ನಿಂದ ಹಾಯಿಸಿದ ಮೇಲೆ ಎಷ್ಟು ಹರಿಯುತ್ತದೆ ಅಂತ ಅಳೆಯಿರಿ. ತುಂಬಾ ಏರಿದ್ದರೆ ಬಿಸಿ ಜಾಸ್ತಿ, ಇಲ್ಲವೇ ಆಂಟಿಆಕ್ಸಿಡೆಂಟ್ ಸಾಲದು.

ಅಳತೆಯೇ ತಪ್ಪಾಗಿದ್ದರೆ

ಇದನ್ನು ಹೇಳದಿದ್ದರೆ ನಿಮ್ಮ ಒಂದು ವಾರ ಹಾಳಾಗಬಹುದು. ಮೋಲ್ಡ್‌ನಿಂದ ಬಿಸಿಬಿಸಿಯಾಗಿ ಬಂದ ಪಟ್ಟಿಯನ್ನು ಅರ್ಧ ಗಂಟೆಯಲ್ಲಿ ಐಜಾಡ್ ಮೆಷಿನ್‌ನಲ್ಲಿ, ಅಂದರೆ ತೂಗುವ ಸುತ್ತಿಗೆಯ ಏಟು ಅಳೆಯುವ ಮೆಷಿನ್‌ನಲ್ಲಿ, ಒಡೆದು ಪಾಸ್ ಅಂದುಬಿಡುತ್ತಾರೆ. ಪಿಪಿ ಮೋಲ್ಡ್‌ನಿಂದ ಹೊರಬಂದ ಮೇಲೂ ನಿಧಾನವಾಗಿ ಹರಳು ಕಟ್ಟುತ್ತಾ ಬಿಗಿಯಾಗುತ್ತದೆ. ಕನಿಷ್ಠ 40 ಗಂಟೆ 23 ಡಿಗ್ರಿಯಲ್ಲಿಟ್ಟು ಆಮೇಲೆ ಒಡೆಯಿರಿ. ಮತ್ತೆ ಫ್ರೀಜರ್ ಡಬ್ಬಿಗೆ 23 ಡಿಗ್ರಿಯ ಸಂಖ್ಯೆ ಏನೂ ಹೇಳುವುದಿಲ್ಲ. ಪಟ್ಟಿಯನ್ನು ಫ್ರೀಜರ್‌ನಲ್ಲಿಟ್ಟು, ತೆಗೆದ ಕೆಲವೇ ಸೆಕೆಂಡ್‌ಗಳಲ್ಲಿ ಒಡೆಯಬೇಕು. ತೆಗೆದು ಮಾತಾಡುತ್ತಾ ನಿಂತರೆ ಅದು ಬೆಚ್ಚಗಾಗಿರುತ್ತದೆ.



ಮುಚ್ಚಳ ಏನಾಯಿತು

12ರ ಪಿಪಿಗೆ ವಾಪಸ್ ಹೋಗಿ ಅಂದೆ. ಅವರು ಒಪ್ಪಲಿಲ್ಲ, ಎರಡು ಸೆಕೆಂಡ್ ಸೈಕಲ್ ಉಳಿಯುತ್ತಿದೆ ಅಂತ. ಅದೂ ನ್ಯಾಯವೇ. ಹಾಗಾದರೆ ರಬ್ಬರ್ ಬದಲಿಸೋಣ ಅಂತ 35ರ ಪಿಪಿಯನ್ನೇ ಇಟ್ಟುಕೊಂಡು, 15 ಪರ್ಸೆಂಟ್ ಹಾಗೇ ಬಿಟ್ಟು, ಹರಿಯದ ಗ್ರೇಡ್ ಜಾಗಕ್ಕೆ ಚೆನ್ನಾಗಿ ಹರಿಯುವ ಗ್ರೇಡ್ ತಂದೆವು. ಟ್ವಿನ್ ಸ್ಕ್ರೂನ ಮಿಕ್ಸಿಂಗ್ ಜೋನ್ 215ರಿಂದ 200ಕ್ಕೆ ಇಳಿಸಿದೆವು. ಮೊದಲ ದಿನದ ಮಾಲನ್ನು ಕಿಟಕಿಗೆ ಹಿಡಿದಾಗ ರವೆ ಇರಲಿಲ್ಲ. ಟಾಲ್ವೀನ್ ಸೀಸೆಯಿಂದ ತೆಗೆದ ಚೂರಿನಲ್ಲಿ ಗುಳಿ ಕಾಣಲಿಲ್ಲ. ಎರಡು ದಿನ ಬಿಟ್ಟು ಫ್ರೀಜರ್‌ನಿಂದ ತೆಗೆದು ಎಸೆದ ಮುಚ್ಚಳಗಳು ಹಿಂಜ್ ಹತ್ತಿರ ಬೆಳ್ಳಗಾದವು, ಒಡೆಯಲಿಲ್ಲ.

ಹೊಸ ಗ್ರೇಡ್‌ನಲ್ಲಿ ಸ್ಟೈರೀನ್ ಕಡಿಮೆ, ಹಾಗಾಗಿ ಮುಚ್ಚಳ ಮುಂಚಿಗಿಂತ ಕೊಂಚ ಮೆತ್ತಗಾಯಿತು. ಒಂದರ ಮೇಲೊಂದು ಹತ್ತು ಡಬ್ಬಿ ಪೇರಿಸಿ ಭಾರ ಇಟ್ಟು ನೋಡಿದೆವು, ತಡೆಯಿತು. ಆಮೇಲೆ ರಬ್ಬರ್ 15ರಿಂದ 13ಕ್ಕೆ ಇಳಿಸಿ ಮತ್ತೆ ಫ್ರೀಜರ್‌ಗೆ ಹಾಕಿದೆವು. ಅದೂ ಒಡೆಯಲಿಲ್ಲ. ಈಗ 13ರಲ್ಲೇ ಓಡುತ್ತಿದೆ, ಪ್ರತಿ ಲಾಟ್‌ನ ಒಂದು ಹಿಡಿ ಗ್ರಾನ್ಯೂಲನ್ನೂ ಒಂದು ಮುಚ್ಚಳವನ್ನೂ ಚೀಟಿ ಅಂಟಿಸಿ ಕಪಾಟಿನಲ್ಲಿ ಇಡುತ್ತಿದ್ದಾರೆ.